ವಕೀಲರ ವಿಳಾಸಕ್ಕೆ

ಅತ್ತಾಯ, ಕೆರ್ಕೆನ್ನಾ ದ್ವೀಪ
ನವೆಂಬರ್ ಆರು, ಬುಧವಾರ

ಪ್ರೀತಿಯ ನೌಫಲ್ ಅಣ್ಣನಿಗೆ,

ನಿನ್ನ ತಂಗಿ ದೊರ್ಸಾಫಳ ಸಲಾಂ. ಹೇಗಿದ್ದೀಯ? ಹೊಟ್ಟೆಗೆ ಏನು ತಿನ್ನುತ್ತೀಯ, ಅಲ್ಲಿ ಚಳಿ ಶುರುವಾಯಿತೇ, ಬೆಚ್ಚಗಿನ ಅಂಗಿ ಇದೆಯೇ? ನಿನ್ನ ಎಡಗೈ ಮೂಳೆ ಮುರಿದಿದೆ, ಜೈಲಿನ ಆಸ್ಪತ್ರೆಯಲ್ಲಿ ಕಟ್ಟು ಹಾಕಿದ್ದಾರೆ ಎಂದು ವಕೀಲರು ಬರೆದಿದ್ದರು. ಆ ಕೈ ಇಷ್ಟರಲ್ಲಿ ವಾಸಿಯಾಗಿರಬೇಕು. ಇಮೇಲ್ ಬರೆಯಲು ತೊಂದರೆಯಾಗುತ್ತಿಲ್ಲ ಎಂದುಕೊಂಡಿದ್ದೇನೆ. ಈ ಕಾಗದವನ್ನು ವಕೀಲರ ವಿಳಾಸಕ್ಕೇ ಕಳಿಸುತ್ತಿದ್ದೇನೆ, ಯಾಕೆಂದು ಮುಂದೆ ಬರೆಯುತ್ತೇನೆ. ನೀನು ಓದುತ್ತೀಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇಲ್ಲಿ ಅಮ್ಮನ ಮಂಡಿನೋವು ಹಾಗೇ ಇದೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾನು ಎದುರಿಗೆ ನಿಂತರೆ ನುಂಗುತ್ತಾಳೆ, ಬೆನ್ನು ತಿರುಗಿಸಿದರೆ ಇಲ್ಲ. ಆಕ್ಟೋಪಸ್ ಹಿಡಿಯುವ ಕಾಲ ಬಂತು. ಊರಿನ ಮಾಳಿಗೆಗಳ ಮೇಲೆಲ್ಲ ಅವು ಒಗೆದ ಬಟ್ಟೆಯ ಹಾಗೆ ತಂತಿಯಿಂದ ಜೋತಾಡುತ್ತಿವೆ. ನಾನು ಹೊಲಿಗೆ ತರಗತಿಯನ್ನೂ ಬಿಟ್ಟೆ. ದಿನವಿಡೀ ಒಂದೇ ಕುರ್ಚಿಯಲ್ಲಿ ಕೂತು ಅಂಗಿಗಳಿಗೆ ತೋಳು ಹೊಲಿಯುತ್ತಿರಲು ನನ್ನಿಂದಾಗಲಿಲ್ಲ. 'ಮೊದಲು ಶಾಲೆ ಬಿಟ್ಟೆ, ಈಗ ಹೊಲಿಗೆ. ಇನ್ನೇನು ಬಿಡೋದು ಬಾಕಿ ಇದೆ ನಿನಗೆ?' ಎಂದು ಅಮ್ಮ ಕೇಳಿದಳು. ಈಗ ಬಂದರಿನಲ್ಲಿ ಮೀನಿನ ಪೆಟ್ಟಿಗೆಗಳಿಗೆ ಐಸ್ ತುಂಬುತ್ತೇನೆ. ಬೆರಳು ಮರಗಟ್ಟುತ್ತವೆ, ಆದರೆ ಕೂರುವ ಕೆಲಸವಲ್ಲ.

ನೀನು ಇಟಲಿಗೆಂದು ದೋಣಿ ಹತ್ತಿ ಹದಿಮೂರು ತಿಂಗಳಾಯಿತು. ಹೋದ ಮೂರನೆಯ ದಿನ ನಿಮ್ಮ ದೋಣಿ ಮಗುಚಿತೆಂದು ಸುದ್ದಿ ಬಂತು. ಕೆಲವರು ದಡ ಸೇರಿದರಂತೆ, ಕೆಲವರು ಇಲ್ಲವಂತೆ, ಯಾರು ಯಾರು ಎಂದು ಯಾರಿಗೂ ಗೊತ್ತಿಲ್ಲವಂತೆ. ಅದಾದ ಮೇಲೆ ನಾಲ್ಕು ಹೆಣಗಳು ಈ ಕಡೆಗೆ ತೇಲಿ ಬಂದವು. ಅಮ್ಮನನ್ನು ಸ್ಫಾಕ್ಸ್ ಪಟ್ಟಣದ ಶವಾಗಾರಕ್ಕೆ ಕರೆಸಿ ಒಂದನ್ನು ತೋರಿಸಿದರು. ಮುಖ ಇರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಅಮ್ಮ ಬಗ್ಗಿ ಕಾಲಿನ ಬೆರಳುಗಳನ್ನು ಒಂದೊಂದಾಗಿ ನೋಡಿ 'ಇದು ನಂದಲ್ಲ' ಎಂದಳು, ಮೀನು ಕಟ್ಟೆಯಲ್ಲಿ ಬೇರೆಯವರ ಬುಟ್ಟಿಯನ್ನು ವಾಪಸು ಕೊಡುವವಳ ಹಾಗೆ. ಹೊಂದಿಸಿ ನೋಡಲು ಅವಳ ರಕ್ತ ತೆಗೆದುಕೊಂಡರು, ಫಲಿತಾಂಶ ಇವತ್ತಿಗೂ ಬಂದಿಲ್ಲ. ಮನೆಗೆ ಬಂದವಳು ಅಂದಿನಿಂದ ಮೀನು ತಿನ್ನುವುದನ್ನು ಬಿಟ್ಟಳು. ನಿನ್ನನ್ನು ಯಾವ ಮೀನು ತಿಂದಿದೆಯೋ ಎಂದು. ಬಾಯಿಬಿಟ್ಟು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಸುತ್ತ ಕಡಲಿರುವ ಊರಿನಲ್ಲಿ ಒಬ್ಬಳು ಹದಿಮೂರು ತಿಂಗಳು ಬಾರ್ಲಿ ರೊಟ್ಟಿ, ಖಾರದ ಚಟ್ನಿ, ಆಲಿವ್ ಎಣ್ಣೆಯಲ್ಲಿ ಕಳೆದಳು. ನಿನ್ನ ಫೋಟೋವನ್ನು ಕಾಣೆಯಾದವರ ಪುಟದಲ್ಲಿ ಹಾಕೋಣವೆಂದರೆ ನನ್ನ ಕೈ ಹಿಡಿದುಕೊಂಡಳು. ಅಲ್ಲಿ ಹಾಕಿದರೆ ಸತ್ತವರ ಸಾಲಿಗೆ ಸೇರಿಸಿದ ಹಾಗೆ ಎಂಬುದು ಅವಳ ನಂಬಿಕೆ.

ವಕೀಲರ ಮೊದಲ ಇಮೇಲ್ ಬಂದದ್ದು ಅಕ್ಟೋಬರ್ ಇಪ್ಪತ್ತೇಳು, ಭಾನುವಾರ. ಹೊಲಿಗೆ ತರಗತಿಗೆ ಅರ್ಜಿ ಹಾಕಲೆಂದು ನೀನೇ ನನಗೆ ತೆರೆದುಕೊಟ್ಟ ವಿಳಾಸ ಅದು. ನಾನು ಅದನ್ನು ನೋಡುವುದೇ ಅಪರೂಪ. ಮೇಲೆ ತಕ್ಕಡಿಯ ಚಿತ್ರ, ಕೆಳಗೆ ನೀಲಿ ಮುದ್ರೆ, ನಡುವೆ ಉದ್ದುದ್ದ ಫ್ರೆಂಚ್. ನನಗೆ ಅರ್ಥವಾದದ್ದು ನಿನ್ನ ಹೆಸರು, ಅಪ್ಪನ ಹೆಸರು, ನೀನು ಹುಟ್ಟಿದ ತಾರೀಖು ಮತ್ತು ಎರಡು ಸಾವಿರ ಯೂರೋ. ಉಳಿದದ್ದನ್ನು ಓದಿಸಲು ಮೊಖ್ತಾರ್ ಮೇಷ್ಟ್ರ ಮನೆಗೆ ಹೋದೆವು. ನನ್ನನ್ನು ಎರಡು ಸಲ ಫೇಲು ಮಾಡಿದ ಅದೇ ಮೇಷ್ಟ್ರು, ಈಗ ನಿವೃತ್ತರು. ಅವರು ಕನ್ನಡಕ ಒರೆಸಿಕೊಂಡು ಓದಿ ಹೇಳಿದರು: ನೌಫಲ್ ಇಟಲಿಯ ಪಲೆರ್ಮೋದ ಜೈಲಿನಲ್ಲಿದ್ದಾನೆ, ಹೊಡೆದಾಟದಲ್ಲಿ ಒಬ್ಬನಿಗೆ ಗಾಯ ಮಾಡಿದ್ದಾನೆ, ತಾನೂ ಗಾಯಗೊಂಡಿದ್ದಾನೆ, ಹತ್ತು ದಿನದೊಳಗೆ ಪರಿಹಾರದ ಹಣ ಕೊಟ್ಟರೆ ಕೇಸು ಮುಗಿಯುತ್ತದೆ, ಇಲ್ಲವಾದರೆ ನಾಲ್ಕು ವರ್ಷ. ಫೋನಿಗೆ ಅವಕಾಶವಿಲ್ಲ. ರಾಯಭಾರ ಕಚೇರಿಗೋ ಪೊಲೀಸರಿಗೋ ತಿಳಿಸಿದರೆ ಅವನಿಗೇ ಕೆಡುಕು.

ಅಮ್ಮ ಅದನ್ನು ಮೂರು ಸಲ ಓದಿಸಿದಳು. ಮೇಷ್ಟ್ರು ತೀರ್ಪು ಕೊಟ್ಟರು: 'ಇದು ನಿಜವಾದ ಕಾಗದ ಕಣಮ್ಮ. ನಲವತ್ತು ವರ್ಷ ಈ ಭಾಷೆ ಕಲಿಸಿದೀನಿ, ಹುಡುಕಿದರೂ ಒಂದು ತಪ್ಪು ಸಿಗ್ತಿಲ್ಲ. ಮೋಸಗಾರ ಇಷ್ಟು ಶುದ್ಧವಾಗಿ ಬರೀತಾನಾ?' ನಾನು, 'ಈಗ ಫೋನಿಗೆ ಹೇಳಿದರೆ ಅದೇ ಬರೆದುಕೊಡುತ್ತೆ ಮೇಷ್ಟ್ರೇ, ತಪ್ಪು ಮಾಡೋದು ಮನುಷ್ಯರು' ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. 'ಪರೀಕ್ಷೇಲಿ ಬಿಳಿ ಹಾಳೆ ಕೊಟ್ಟು ಎದ್ದು ಹೋದವಳು ನೀನೇ ಅಲ್ವಾ? ನೀನೂ ತಪ್ಪು ಮಾಡಿರಲಿಲ್ಲ ಬಿಡು.' ಅಮ್ಮ ಕೂಡ ನಕ್ಕಳು. ಅವಳು ಆಗಲೇ ನಂಬಲು ಶುರುಮಾಡಿದ್ದಳು.

ಹಮ್ಮಾದಿ ಚಿಕ್ಕಪ್ಪನಿಗೆ ವಿಷಯ ತಿಳಿಯಲು ಎಷ್ಟು ಹೊತ್ತು? ಸಂಜೆಯೊಳಗೆ ಬಂದ, ಮುದ್ರೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ. 'ಕೋರ್ಟಿನ ಮುದ್ರೆ ಅತ್ತಿಗೆ, ಇದರಲ್ಲಿ ಮಾತಿಲ್ಲ. ದುಡ್ಡಿಗೆ ಯಾಕೆ ಚಿಂತೆ? ಗರಿಬೇಲಿ ನನ್ನ ಹೆಸರಿಗೆ ಬರೀರಿ. ಎಲ್ಲೂ ಹೋಗಲ್ಲ, ಮನೇಲೇ ಇರುತ್ತೆ.' ಅಪ್ಪ ಕಡಲಿನಲ್ಲಿ ಗರಿ ನೆಟ್ಟು ಮೀನು ಹಿಡಿಯುತ್ತಿದ್ದ ಆ ಬೇಲಿಗೆ ಅಪ್ಪ ಸತ್ತ ವರ್ಷದಿಂದಲೂ ಅವನು ಇದೇ ಮಾತು ಆಡುತ್ತಿದ್ದಾನೆ, ಇದೇ ಬೆಲೆ ಹೇಳುತ್ತಿದ್ದಾನೆ. ಆರು ಸಾವಿರದ ಏಳುನೂರು ದೀನಾರು. ಎರಡು ಸಾವಿರ ಯೂರೋ ಎಂದರೆ ಹೆಚ್ಚು ಕಡಿಮೆ ಅಷ್ಟೇ. ಆ ಲೆಕ್ಕ ಸರಿಹೊಂದಿದ್ದು ಅಂದು ನನ್ನ ತಲೆಗೆ ಹೋಗಲಿಲ್ಲ. ನಾನು ಹೇಳಿದ್ದು ಇಷ್ಟೇ: 'ಚಿಕ್ಕಪ್ಪ, ಈ ಕಾಗದ ಸುಳ್ಳು ಅಂತ ನಿಮಗೂ ಗೊತ್ತು.' ಅವನು ಚಹಾ ಲೋಟ ಕೆಳಗಿಟ್ಟು, 'ನೋಡಿ ಅತ್ತಿಗೆ, ಶಾಲೆ ಬಿಟ್ಟವಳು ವಕೀಲರಿಗೆ ಕಾನೂನು ಹೇಳ್ತಾಳೆ. ಇವಳಿಗೆ ಅಣ್ಣ ಬೇಕಿಲ್ಲ, ಬೇಲಿ ಬೇಕು' ಎಂದ.

ನನಗೆ ಅಣ್ಣ ಬೇಕಿತ್ತು. ಅದಕ್ಕೇ ಆ ಕಾಗದವನ್ನು ಎರಡು ದಿನ ತಿರುವಿ ತಿರುವಿ ನೋಡಿದೆ. ಹತ್ತು ದಿನ ಎಂದು ಅವಸರ ಮಾಡುವುದು, ಯಾರಿಗೂ ಹೇಳಬೇಡಿ ಎನ್ನುವುದು, ಇದು ಮೀನಿನ ದಲ್ಲಾಳಿಯ ಬುದ್ಧಿ. ಅವನೂ ಹೀಗೇ, 'ಬೇಗ ಕೊಡಿ, ಐಸ್ ಕರಗ್ತಿದೆ, ಆ ದೋಣಿಯವನಿಗೆ ಈ ರೇಟು ಹೇಳ್ಬೇಡಿ' ಎನ್ನುತ್ತಾನೆ. ವಕೀಲರ ವಿಳಾಸ ಯಾರು ಬೇಕಾದರೂ ಪುಕ್ಕಟೆಯಾಗಿ ತೆರೆದುಕೊಳ್ಳಬಹುದಾದ ವಿಳಾಸ, ನನ್ನದರ ಹಾಗೆ. ಮತ್ತೆ ಹಣ ಕಳಿಸುವ ದಾರಿ. ಬ್ಯಾಂಕಿನಿಂದ ಆಗುವುದಿಲ್ಲ, ಸ್ಫಾಕ್ಸ್ ಸಂತೆಯ ಇಂಥ ಬಟ್ಟೆಯಂಗಡಿಯಲ್ಲಿ ದೀನಾರು ಕೊಡಿ, ಆ ಕಡೆ ಅಂಗಡಿಯವನ ಅಣ್ಣ ಯೂರೋ ಕೊಡುತ್ತಾನೆ ಎಂದು ಬರೆದಿತ್ತು. ನಮ್ಮೂರಿನ ಈ ಹಿಂಬಾಗಿಲು ಇಟಲಿಯ ವಕೀಲನಿಗೆ ಹೇಗೆ ಗೊತ್ತು? ಎಲ್ಲಕ್ಕಿಂತ ಹೆಚ್ಚಾಗಿ ನಿನ್ನ ಹೆಸರು. ಇಲ್ಲಿಂದ ಕಡಲು ದಾಟುವವರನ್ನು ಸುಟ್ಟವರು ಎಂದು ಕರೆಯುವುದು ಸುಮ್ಮನೆ ಅಲ್ಲ. ದೋಣಿ ಹತ್ತುವ ಮೊದಲು ಗುರುತಿನ ಕಾಗದ ಸುಡುತ್ತಾರೆ, ಆ ದಡದಲ್ಲಿ ಬೇರೆ ಹೆಸರು ಹೇಳುತ್ತಾರೆ, ವಯಸ್ಸು ಹದಿನೇಳು ಎನ್ನುತ್ತಾರೆ. ನಿಜವಾದ ಹೆಸರು ಕೊಟ್ಟವನನ್ನು ಮುಂದಿನ ವಾರವೇ ವಾಪಸು ತಂದು ಹಾಕುತ್ತಾರೆ. ನೀನು ನಿಜವಾಗಿ ಜೈಲಿನಲ್ಲಿದ್ದರೆ ನಿನ್ನ ವಕೀಲನಿಗೆ ನೌಫಲ್ ಎಂಬ ಹೆಸರೇ ಗೊತ್ತಿರಬಾರದು.

ಹೋಗುವ ಮುನ್ನ ಒಬ್ಬರಿಗೆ ಮಾತ್ರ ಹೊಸ ಹೆಸರು ಹೇಳಿ ಹೋಗುವುದು ಎಲ್ಲರೂ ಮಾಡುವುದೇ, ಕಾಣೆಯಾದರೆ ಆ ಹೆಸರಿನಲ್ಲಿ ಹುಡುಕಲಿ ಎಂದು. ನೀನು ನನಗೆ ಹೇಳಿದ್ದೆ. ಸೆಪ್ಟೆಂಬರಿನ ಮಧ್ಯಾಹ್ನ, ಇಬ್ಬರೂ ಸೊಂಟದವರೆಗಿನ ನೀರಿನಲ್ಲಿ ನಿಂತು ಅಪ್ಪನ ಬೇಲಿಗೆ ಹೊಸ ಖರ್ಜೂರದ ಗರಿ ನೆಡುತ್ತಿದ್ದೆವು. ದಡದಲ್ಲಿ ಐಸ್ ಲಾರಿ ನಿಂತಿತ್ತು, ಬಾಗಿಲ ಮೇಲೆ ಮಾಲೀಕನ ಹೆಸರು ದಪ್ಪಕ್ಷರದಲ್ಲಿತ್ತು. 'ನೋಡು, ಅಲ್ಲಿ ನಾನು ಅನ್ವರ್ ಜೆರ್ಬಿ. ಯಾರಿಗೂ ಹೇಳ್ಬೇಡ, ಅಮ್ಮಂಗೂ' ಎಂದು ನೀನು ಅಂದೆ. ನಾನು, 'ಆ ಬೈಗುಳದ ಮುದುಕನ ಹೆಸರಾ? ಇಟಲಿಯವರು ಮೊದಲ ದಿನವೇ ನಿನ್ನ ಹಲ್ಲು ಉದುರಿಸ್ತಾರೆ' ಎಂದೆ. ಈ ಹದಿಮೂರು ತಿಂಗಳಲ್ಲಿ ಕಾಣೆಯಾದವರ ಪಟ್ಟಿ ಇಡುವವರಿಗೆ ಅನ್ವರ್ ಜೆರ್ಬಿ ಎಂಬ ಹೆಸರು ಕೊಟ್ಟು ಎರಡು ಸಲ ಬರೆದೆ. ಉತ್ತರ ಬರಲಿಲ್ಲ. ಅಮ್ಮನಿಗೆ ಆ ಹೆಸರು ಹೇಳಲಿಲ್ಲ. ನಿನಗೆ ಮಾತು ಕೊಟ್ಟಿದ್ದೆ.

ಹೀಗೆ ಬೆರಳು ಮಡಚಿ ಒಂದೊಂದೇ ಕಾರಣ ಅಮ್ಮನಿಗೆ ಹೇಳಿದೆ. ಯಾರೋ ಒಬ್ಬ, ನಿನ್ನ ಜೊತೆ ದೋಣಿಯಲ್ಲಿದ್ದವನೇ ಇರಬಹುದು, ನಿನ್ನ ವಿವರ ತಿಳಿದುಕೊಂಡು ನಮ್ಮನ್ನು ಸುಲಿಯುತ್ತಿದ್ದಾನೆ ಎಂದೆ. ಅವಳು ಬಟಾಣಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡಳು. ಬಯ್ಯಲಿಲ್ಲ. 'ಕಾಗದ ಸುಳ್ಳು ಅಂದ್ಯಲ್ಲ. ಸರಿ. ಹಾಗಾದ್ರೆ ಅವನು ಎಲ್ಲಿದಾನೆ, ಅದನ್ನೂ ಹೇಳು' ಎಂದಳು. ಕಾಗದ ಸುಳ್ಳು ಎನ್ನುವುದಕ್ಕೂ ನೀನು ಸತ್ತಿದ್ದೀಯ ಎನ್ನುವುದಕ್ಕೂ ನಡುವೆ ಜಾಗವೇ ಇರಲಿಲ್ಲ ಅಣ್ಣಾ. ನಾನು ಒಂದನ್ನು ಹೇಳುತ್ತಿದ್ದೆ, ಅವಳಿಗೆ ಇನ್ನೊಂದು ಕೇಳುತ್ತಿತ್ತು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಗುರುವಾರ ಹೋಗಿ ಬೇಲಿಯನ್ನು ಚಿಕ್ಕಪ್ಪನ ಹೆಸರಿಗೆ ಬರೆದುಕೊಟ್ಟು ಬಂದಳು. ತಾತನ ಕಾಲದ ಪತ್ರ ಅದು, ಇಷ್ಟು ಮಾರು ಕಡಲು ನಮ್ಮದು ಎಂಬ ಪತ್ರ. ಅದರ ಮೇಲೆ ಹೆಬ್ಬೆಟ್ಟು ಒತ್ತಿ ಬಂದು ಕೈ ತೊಳೆದುಕೊಂಡಳು, ಅಷ್ಟೇ.

ನಿನ್ನೆ ಬೆಳಿಗ್ಗೆ ಸ್ಫಾಕ್ಸ್‌ಗೆ ಹೊರಟೆವು. ದುಡ್ಡು ಅವಳ ಸೊಂಟದ ಬಟ್ಟೆಯಲ್ಲಿತ್ತು. ಆ ಕಡೆ ಹಣ ಯಾರ ಕೈಗೆ ಸೇರಬೇಕು ಎಂದು ಕಾಗದದಲ್ಲಿ ಇರಲಿಲ್ಲ, ಬಟ್ಟೆಯಂಗಡಿಯವನು ಅದನ್ನು ಕೇಳದೆ ಇರುವುದಿಲ್ಲ. ಹಡಗು ಕಟ್ಟೆಯಲ್ಲಿ ಕಾಯುತ್ತಾ ವಕೀಲರಿಗೆ ನಮ್ಮ ಭಾಷೆಯಲ್ಲೇ ಬರೆದೆ: 'ನನಗೆ ನಿಮ್ಮ ಮೇಲೆ ನಂಬಿಕೆಯಿಲ್ಲ. ತಾಯಿ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಹಣ ಯಾರ ಹೆಸರಿಗೆ?' ಹಡಗು ಹೊರಟು ಅರ್ಧ ಗಂಟೆಯಾಗಿರಲಿಲ್ಲ, ಉತ್ತರ ಬಂತು. ಒಂದೇ ಸಾಲು. ನಮ್ಮ ಗುಮಾಸ್ತ ಅನ್ವರ್ ಜೆರ್ಬಿಯವರ ಹೆಸರಿಗೆ.

ಮೊದಲು ನಾನು ನಕ್ಕೆ, ಐಸ್ ಲಾರಿಯ ಮುದುಕ ನೆನಪಾಗಿ. ಆಮೇಲೆ ತಿಳಿಯಿತು, ಬರೆಯುತ್ತಿರುವವನು ನೀನೇ; ಬೇಲಿಗೆ ಚಿಕ್ಕಪ್ಪ ಹೇಳುವ ಬೆಲೆ ಗೊತ್ತಿದ್ದದ್ದಕ್ಕೇ ಎರಡು ಸಾವಿರ ಯೂರೋ. ನಿನಗೆ ಬೇರೆ ದಾರಿ ಇರಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಹಣ ಎಣಿಸಿಕೊಡುವವನು ಗುರುತಿನ ಚೀಟಿ ಕೇಳುತ್ತಾನೆ, ಅಲ್ಲಿ ನಿನ್ನ ಬಳಿ ಇರುವುದು ಆ ಒಂದು ಹೆಸರಿನ ಚೀಟಿ ಮಾತ್ರ. ಆ ಹೆಸರನ್ನು ನನಗೆ ಹೇಳಿದ್ದು ಮರೆತೆಯೋ, ನನಗೆ ಮರೆತಿರಬಹುದು ಎಂದುಕೊಂಡೆಯೋ? ನಿನ್ನನ್ನು ಯಾರಾದರೂ ಕೂಡಿಹಾಕಿ ಬರೆಸಿರಬಹುದೇ ಎಂದೂ ಯೋಚಿಸಿದೆ, ನಿಜವಾಗಿ ಹಾಗಿರಲಿ ಎಂದು ಒಂದು ಕ್ಷಣ ಆಸೆಪಟ್ಟೆ. ಆದರೆ ಕೂಡಿಹಾಕಿದವರು ಹಣವನ್ನು ತಮ್ಮ ಹೆಸರಿಗೆ ಕೇಳುತ್ತಾರೆ, ಕೂಡಿಹಾಕಿಸಿಕೊಂಡವನ ಹೆಸರಿಗಲ್ಲ. ವಕೀಲರ ಕಾಗದಗಳಲ್ಲಿ ನೀನು ಎರಡು ಸಲ ಇದ್ದೀಯ. ಒಮ್ಮೆ ಕೈ ಮುರಿದುಕೊಂಡು ಜೈಲಿನೊಳಗೆ, ಒಮ್ಮೆ ಕೈ ಚಾಚಿಕೊಂಡು ಹಣ ಕೊಡುವ ಕಿಟಕಿಯ ಮುಂದೆ.

ಅಮ್ಮನಿಗೆ ಹೇಳಬಾರದು ಎಂದುಕೊಂಡೆ. ಕಾಲು ಗಂಟೆ ಬಾಯಿ ಮುಚ್ಚಿಕೊಂಡಿದ್ದೆ, ನನ್ನ ಮಟ್ಟಿಗೆ ಅದು ಬಹಳ. ಕೊನೆಗೆ ಅವಳ ಕಿವಿಯ ಹತ್ತಿರ ಬಗ್ಗಿ, 'ಅಮ್ಮಾ, ವಕೀಲನೂ ಇಲ್ಲ, ಜೈಲೂ ಇಲ್ಲ. ಕಾಗದ ಬರೆದಿರೋನು ಅಣ್ಣನೇ' ಎಂದು ಆ ಹೆಸರಿನ ಕಥೆಯನ್ನೆಲ್ಲ ಹೇಳಿದೆ. ಎದೆ ಬಡಿದುಕೊಳ್ಳುತ್ತಾಳೆ ಎಂದು ಅವಳ ತೋಳು ಹಿಡಿದುಕೊಂಡಿದ್ದೆ. ಅವಳು ಕೇಳಿದ್ದು, 'ಆ ಹೆಸರು ಬೇರೆ ಯಾರಿಗೂ ಗೊತ್ತಿಲ್ವಾ?' 'ಇಲ್ಲ, ಅವನಿಗೆ, ನನಗೆ.' 'ದೇವರಾಣೆ?' 'ದೇವರಾಣೆ.' 'ಹಾಗಾದ್ರೆ ಬದುಕಿದಾನೆ' ಎಂದಳು. ಇನ್ನೊಂದು ಸಲ, ಪಕ್ಕದ ಬೆಂಚಿನ ಹೆಂಗಸಿಗೆ ಕೇಳುವ ಹಾಗೆ, 'ನನ್ನ ಮಗ ಬದುಕಿದಾನೆ' ಎಂದಳು. ಆಮೇಲೆ, 'ಹಸಿವಾಗ್ತಿದೆ ಕಣೇ. ಇಳಿದ ತಕ್ಷಣ ಮೀನು ಹುರಿಯೋನ ಹತ್ರ ಹೋಗೋಣ' ಎಂದಳು.

ತಿಂದಳು ಅಣ್ಣಾ. ಎರಡು ತಟ್ಟೆ, ಬೆರಳು ಚೀಪಿಕೊಂಡು, ಮುಳ್ಳುಗಳನ್ನು ಒಂದು ಕಡೆ ಸಾಲಾಗಿ ಜೋಡಿಸುತ್ತಾ. ದುಡ್ಡು ವಾಪಸು ತೆಗೆದುಕೊಂಡು ಹೋಗೋಣ, ಪತ್ರ ರದ್ದು ಮಾಡಿಸೋಣ, ಅವನು ನಮಗೆ ಮೋಸ ಮಾಡಿದ್ದಾನೆ ಎಂದು ಅಲ್ಲೇ ಜಗಳ ತೆಗೆದೆ. ಅವಳು ಕೈ ಒರೆಸಿಕೊಂಡು, 'ನಿನಗೆ ಹೆರೋದು ಗೊತ್ತಿಲ್ಲ, ಹೊರೋದು ಗೊತ್ತಿಲ್ಲ, ನಿಜ ಹೇಳೋದು ಒಂದು ಗೊತ್ತು. ಬಾಯಿ ಮುಚ್ಚಿಕೊಂಡು ನಡಿ' ಎಂದಳು. ಅಂಗಡಿಗೆ ಹೋಗಿ ಹಣ ಎಣಿಸಿ ಕೊಟ್ಟಳು. ಬೇಲಿ ಈಗ ಚಿಕ್ಕಪ್ಪನದು. ಇವತ್ತು ಅವನ ಮಕ್ಕಳು ಗರಿ ಕಿತ್ತು ಹೊಸದಾಗಿ ನೆಡುತ್ತಿದ್ದಾರೆ, ಬಂದರಿನಿಂದ ಕಾಣಿಸುತ್ತದೆ.

ಅಲ್ಲಿ ನಿನ್ನ ಕಷ್ಟ ಏನೆಂದು ನನಗೆ ಗೊತ್ತಿಲ್ಲ. ಸಾಲವೋ, ಹಸಿವೋ, ಯಾರ ಭಯವೋ. ಇರಬಹುದು. ನೀನು ಹಣ ಕೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ನಾನು ತಿಂಗಳ ಸಂಬಳವನ್ನೇ ಕೊಡುತ್ತಿದ್ದೆ, ಅದು ಎಷ್ಟು ಸಣ್ಣದಾದರೂ. ಆದರೆ ಮುದ್ರೆ ಹುಡುಕಲು, ತಕ್ಕಡಿಯ ಚಿತ್ರ ಅಂಟಿಸಲು, ಫ್ರೆಂಚ್ ಬರೆಸಲು ನಿನಗೆ ಸಮಯವಿತ್ತು, ಫೋನಿತ್ತು. ಬದುಕಿದ್ದೇನೆ ಎಂದು ಒಂದು ಪದ ಬರೆಯಲು ವಕೀಲ ಬೇಕಾಗಿರಲಿಲ್ಲ. ಆ ಶವಾಗಾರದಲ್ಲಿ ಅಮ್ಮ ಒಂದೊಂದೇ ಬೆರಳು ಮುಟ್ಟಿ ನೋಡುತ್ತಿದ್ದ ದಿನ ನೀನು ಎಲ್ಲಿದ್ದೆ, ಏನು ಮಾಡುತ್ತಿದ್ದೆ? ನಾವು ನಿನ್ನನ್ನು ಸತ್ತವನೆಂದುಕೊಂಡರೆ ಬೆಲೆ ಹೆಚ್ಚು ಸಿಗುತ್ತದೆ ಎಂದು ಲೆಕ್ಕ ಹಾಕಿದೆಯಾ? ಹಾಕಿದ್ದರೆ ಲೆಕ್ಕ ಸರಿಯಾಗಿಯೇ ಇತ್ತು. ನಾನು ನಿನ್ನನ್ನು ಕ್ಷಮಿಸಿಲ್ಲ. ಅಮ್ಮ ಕ್ಷಮಿಸಿದ್ದಾಳೆ, ಅದು ಅವಳ ವಿಷಯ.

ಮೊಖ್ತಾರ್ ಮೇಷ್ಟ್ರು ಪ್ರತಿ ನಮಾಜಿನ ನಂತರ ನಿನ್ನ ಬಿಡುಗಡೆಗಾಗಿ ಪ್ರಾರ್ಥಿಸುತ್ತಿದ್ದಾರಂತೆ, ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಚಿಕ್ಕಪ್ಪನೂ ಸಲಾಂ ಹೇಳಿದ್ದಾನೆ, ಈಚೆಗೆ ಬಹಳ ಪ್ರೀತಿಯಿಂದಿದ್ದಾನೆ. ಅವರಿಗೆ ನಾನಾಗಿ ಏನೂ ಹೇಳಿಲ್ಲ. ಕೇಳಿದರೆ ಹೇಳುತ್ತೇನೆ, ಅದಕ್ಕೆ ಅವರು ಕೇಳದಿರಲಿ ಎಂದು ದಾರಿ ಬದಲಿಸಿ ಓಡಾಡುತ್ತಿದ್ದೇನೆ. ದೇವರು ನಿನ್ನ ಮೈ ಕಾಪಾಡಲಿ. ಮನಸ್ಸನ್ನು ನೀನೇ ನೋಡಿಕೋ.

ನಿನ್ನ ತಂಗಿ,
ದೊರ್ಸಾಫ್

ಕಾಗದ ಮುಗಿಸುವಾಗ ಅಮ್ಮ ಬಂದು ಇದನ್ನು ಬರೆ ಎಂದಳು, ಐಸ್ ಲಾರಿ ಬರುವ ಹೊತ್ತು, ಬೇಗ ಬರೆಯುತ್ತೇನೆ. ನೀನು ಹಣ ತರಲು ಇವತ್ತೇ ಹೋಗಬೇಡ, ಕೊಡುವುದಿಲ್ಲ. ಚೀಟಿಯ ಜೊತೆಗೆ ಒಂದು ಗುಟ್ಟಿನ ಮಾತೂ ಬೇಕು, ಹಣ ಕೊಟ್ಟವರು ಇಲ್ಲಿ ಹೇಳಿದ್ದನ್ನೇ ತೆಗೆದುಕೊಳ್ಳುವವನು ಅಲ್ಲಿ ಹೇಳಬೇಕು. ಬಟ್ಟೆಯಂಗಡಿಯವರ ಪದ್ಧತಿ ನಿನಗೆ ಗೊತ್ತೇ ಇದೆ. ನಿನ್ನೆ ಅವನು ಆ ಮಾತು ಕೇಳಿದಾಗ ಅಮ್ಮ ನನ್ನನ್ನು ಬೀದಿಗೆ ಕಳಿಸಿ ಅವನ ಕಿವಿಯಲ್ಲಿ ಹೇಳಿದಳು. ನನಗೆ ಹೇಳಲಿಲ್ಲ, ಕೇಳಿದರೆ, 'ನಿನ್ನ ಹೊಟ್ಟೇಲಿ ಏನೂ ನಿಲ್ಲಲ್ಲ' ಎಂದಳು. ಇಮೇಲಿನಲ್ಲಿ ಬರೆಯುವುದಿಲ್ಲವಂತೆ. ಮಾತು ಬೇಕಾದವನು ಅವಳ ಫೋನಿಗೆ ಕರೆ ಮಾಡಿ ಅವಳ ಬಾಯಿಂದಲೇ ಕೇಳಿಸಿಕೊಳ್ಳಬೇಕು, ನಂಬರು ಹಳೆಯದೇ. ಒಂದು ತಿಂಗಳು ಕಾಯುತ್ತಾರಂತೆ, ಆಮೇಲೆ ಹಣ ವಾಪಸು. ವಕೀಲರೋ ಗುಮಾಸ್ತರೋ ಕರೆ ಮಾಡಿದರೆ ಇಟ್ಟುಬಿಡುತ್ತಾಳಂತೆ.